ಮಾರ್ಜಿನ್ ಮಾಸ್ತರರ ಇಪ್ಪತ್ತಮೂರನೆಯ ಕೋಣೆ

ಮಾತಿನ ನಡುವೆ ವಿರಾಮಚಿಹ್ನೆಗಳನ್ನೂ ಬಾಯಿಬಿಟ್ಟು ಉಚ್ಚರಿಸುವ ಮನುಷ್ಯರನ್ನು ನನ್ನ ಐವತ್ತಮೂರು ವರ್ಷಗಳ ಆಯುಸ್ಸಿನಲ್ಲಿ ನಾನು ಕಂಡದ್ದು ಒಬ್ಬರನ್ನೇ. ಅವರು ನನ್ನ ಭಾವ, ಒಡಹುಟ್ಟಿದ ಅಕ್ಕನ ಗಂಡ, ಮೂವತ್ತು ವರ್ಷಕ್ಕೂ ಮೀರಿ ಟೈಪಿಂಗ್ ಶಾಲೆ ನಡೆಸಿದವರು. ಜಗಳದ ಕೊನೆಗೆ ಬೇರೆಯವರು ಬಾಗಿಲು ಬಡಿದು ಹೋದರೆ ಇವರು "ಪೂರ್ಣವಿರಾಮ" ಎಂದು ಹೇಳಿ ಹೋಗುತ್ತಿದ್ದರು. ತಾವು ಮಾತಾಡುವಾಗ ಯಾರಾದರೂ ನಡುವೆ ಬಾಯಿ ಹಾಕಿದರೆ ತೋರುಬೆರಳನ್ನು ಕೊಂಚವೇ ಎತ್ತಿ "ಕಾಮಾ" ಎನ್ನುವರು. ಇನ್ನೂ ಮುಗಿದಿಲ್ಲ, ತಡೆ ಎಂದು ಅದರ ಅರ್ಥ. ವರ್ಷಗಟ್ಟಲೆ ವಿದ್ಯಾರ್ಥಿಗಳಿಗೆ ಓದಿ ಬರೆಸಿದ ಅಭ್ಯಾಸ ನಾಲಗೆಗೆ ಅಂಟಿಕೊಂಡು, ಊಟಕ್ಕೆ ಕೂತಾಗಲೂ "ಸ್ವಲ್ಪ ಉಪ್ಪು, ಕಾಮಾ, ಇದ್ದರೆ" ಎಂದು ಅವರು ಕೇಳಿದ್ದನ್ನೂ, ಅಕ್ಕ ಉಪ್ಪಿನ ಡಬ್ಬಿಯನ್ನು ಅವರ ಮುಂದೆ ಕುಕ್ಕಿ "ಇಗೊಳ್ಳಿ, ಆಶ್ಚರ್ಯಸೂಚಕ!" ಎಂದದ್ದನ್ನೂ ನಾನೇ ಕಿವಿಯಾರೆ ಕೇಳಿದ್ದೇನೆ.

ನಡಿಗೆಯೂ ಹಾಗೆಯೇ. ಟೈಪ್‌ರೈಟರಿನ ಉರುಳೆ ಒಂದೊಂದೇ ಅಕ್ಷರದಷ್ಟು ಸರಿಯುತ್ತ ಸಾಲಿನ ಕೊನೆಗೆ ಬಂದು, ಗಂಟೆ ಹೊಡೆದು, ಒಮ್ಮೆಲೇ ಮೊದಲಿಗೆ ಮರಳುವುದನ್ನು ನೋಡಿದವರಿಗೆ ಭಾವನ ನಡಿಗೆಯನ್ನು ಬೇರೆಯಾಗಿ ವರ್ಣಿಸಬೇಕಾಗಿಲ್ಲ. ಬೀದಿಯ ಒಂದು ಅಂಚನ್ನು ಹಿಡಿದು ಅಳೆದಿಟ್ಟಂಥ ಹೆಜ್ಜೆಗಳಲ್ಲಿ ಹೋಗುವರು. ತಿರುವು ಬಂದಾಗ ಗಕ್ಕನೆ ನಿಂತು, ಇಡೀ ದೇಹವನ್ನು ತಿರುಗಿಸಿಕೊಂಡು, ಮತ್ತೆ ಹೊಸ ಸಾಲು ಶುರುಮಾಡುವರು. ಬೇಸಗೆಯಲ್ಲೂ ಮೈಮೇಲೆ ಬೂದು ಬಣ್ಣದ ಕೋಟು, ತೋಳಿನ ಬಟ್ಟೆ ಕೀಲಿಗಳಿಗೆ ತಾಗಬಾರದೆಂದು ಮೊಣಕೈ ಮೇಲೆ ಎರಡು ರಬ್ಬರ್ ಬ್ಯಾಂಡು. ಎದೆಯ ಜೇಬಿನಲ್ಲಿ ಪೆನ್ನಿಗೆ ಬದಲಾಗಿ ಸೂಜಿಯಂತೆ ಮೊನೆ ಮಾಡಿದ ಕೆಂಪು ಪೆನ್ಸಿಲ್.

ಆ ಪೆನ್ಸಿಲನ್ನು ತಿಳಿಯದೆ ಭಾವನನ್ನು ತಿಳಿಯುವಂತಿಲ್ಲ. ಅರ್ಜಿ, ಕರಾರು, ದೂರು, ರಾಜೀನಾಮೆ ಎಂದು ಜನ ಟೈಪ್ ಮಾಡಿಸಲು ತಂದ ಕಾಗದಗಳನ್ನು ಅವರು ಇದ್ದ ಹಾಗೆ ಟೈಪ್ ಮಾಡಿದ ಉದಾಹರಣೆಯೇ ಇಲ್ಲ. ಮೊದಲು ಕೆಂಪು ಪೆನ್ಸಿಲಿನಿಂದ ತಿದ್ದುವರು, ಆಮೇಲೆ ಬೆರಳು ಕೀಲಿಯ ಮೇಲೆ ಇಳಿಯುವುದು. ಕೆಲಸ ಬಿಡಲು ಹೊರಟ ಗುಮಾಸ್ತನೊಬ್ಬನ ರಾಜೀನಾಮೆ ಪತ್ರವನ್ನು ಹೀಗೆ ತಿದ್ದುತ್ತ, ಮೂರನೆಯ ಪ್ಯಾರಾದಲ್ಲಿ ಕೊಟ್ಟ ಕಾರಣ ಮೊದಲನೆಯದಕ್ಕೆ ಹೊಂದುವುದಿಲ್ಲವೆಂದು ತೋರಿಸಿಕೊಟ್ಟರು; ಕಡೆಗೆ ಆತ ಯೋಚನೆ ಮಾಡಿ ಕಾಗದ ಹರಿದು ಕೆಲಸಕ್ಕೇ ವಾಪಸು ಹೋದನಂತೆ. ಇನ್ನೊಮ್ಮೆ ಎದುರಿನ ದರ್ಜಿ ಅಂಗಡಿಯ ಮೇಲೆ ಬೋರ್ಡು ಬರೆಯುತ್ತಿದ್ದ ಪೇಂಟರನಿಗೆ, ಎಡಗಡೆ ಬಿಟ್ಟಷ್ಟೇ ಜಾಗ ಬಲಗಡೆಯೂ ಬಿಡಬೇಕೆಂದು ಅರ್ಧ ಗಂಟೆ ಕೆಳಗೆ ನಿಂತು ಪಾಠ ಹೇಳಿದರು. ಅವನು ಏಣಿ ಇಳಿದು ಬಂದು "ಅಷ್ಟಿದ್ರೆ ನೀವೇ ಹತ್ತಿ ಮಾರ್ಜಿನ್ ಮಾಸ್ತ್ರೇ" ಎಂದು ಬ್ರಶ್ಶು ಕೈಗಿತ್ತ. ಭಾವ ಕೋಟು ಬಿಚ್ಚಿ ದರ್ಜಿಯ ಕೈಗೆ ಕೊಟ್ಟು ಏಣಿ ಹತ್ತಿಯೇಬಿಟ್ಟರು. ಅಕ್ಷರ ಅಷ್ಟಕ್ಕಷ್ಟೇ; ಅಂಚು ಮಾತ್ರ ದಾರ ಹಿಡಿದು ಎಳೆದಂತಿತ್ತು. ಹೆಸರು ಅಂದಿನಿಂದ ನಿಂತಿತು.

ಅವರ ಶಾಲೆಯ ಕೆಳಗಿನ ಮಳಿಗೆಯಲ್ಲಿ ನಾನು ಸುಟ್ಟ ಮೋಟಾರುಗಳಿಗೆ ತಾಮ್ರದ ತಂತಿ ಸುತ್ತುವವನು. ಆರನೆಯ ತರಗತಿಗೆ ಪುಸ್ತಕ ಮುಚ್ಚಿದವನಿಗೆ ನೆತ್ತಿಯ ಮೇಲೆ ಹದಿನಾಲ್ಕು ಟೈಪ್‌ರೈಟರುಗಳು ಒಟ್ಟಿಗೆ ಕುಟ್ಟುವುದು ಎಂಥ ಹಿಂಸೆಯೆಂದು ಕೇಳಿದವರಿಗೇ ಗೊತ್ತು. ಕೋಪ ನನಗೆ ಮೂಗಿನ ತುದಿಯಲ್ಲೇ ಕೂತಿರುತ್ತದೆ. ದಿನಕ್ಕೊಮ್ಮೆಯಾದರೂ ಮೆಟ್ಟಿಲು ಹತ್ತಿ ಹೋಗಿ ಕೂಗಾಡಿ ಬರುತ್ತಿದ್ದೆ. ಭಾವ ಕೇಳಿಸಿಕೊಂಡು, "ನಿನ್ನ ಕೂಗಿನಲ್ಲಿ ಎಲ್ಲೂ ಪ್ಯಾರಾ ಇಲ್ಲವಲ್ಲಯ್ಯ" ಎನ್ನುವರು. ಅಂಥವರ ಮೇಲೆ ಎಷ್ಟೆಂದು ಕೂಗುವುದು?

ಮನೆಯಲ್ಲಿಟ್ಟುಕೊಳ್ಳುವ ಪುಟ್ಟ ಕಂಪ್ಯೂಟರುಗಳು ಮೊದಲ ಸಲ ಪೇಟೆಗೆ ಬಂದ ಕಾಲ ಅದು. ಟೈಪ್‌ರೈಟರಿನ ದಿನ ತೀರಿತೆಂದು ಯಾರೋ ಹೇಳಿದ್ದನ್ನು ತಲೆಗೆ ಹಚ್ಚಿಕೊಂಡು ಭಾವ ಅಂಥದೊಂದನ್ನು ತಂದರು. ಊಟದ ಡಬ್ಬಿಯಷ್ಟು ದೊಡ್ಡ ಕಪ್ಪು ಪೆಟ್ಟಿಗೆ, ಮೇಲೆ ಬೂದು ರಬ್ಬರಿನ ಕೀಲಿಗಳು. ಬೆರಳಿಟ್ಟು ನೋಡಿ ಮುಖ ಸಿಂಡರಿಸಿ, "ಸತ್ತ ಇಲಿಯ ಬೆನ್ನು ಮುಟ್ಟಿದ ಹಾಗಿದೆ" ಎಂದರು. ಅದಕ್ಕೆ ಪರದೆಯಾಗಿ ಒಂದು ಹಳೆಯ ಟೀವಿ, ನೆನಪಿನ ಶಕ್ತಿಯಾಗಿ ಒಂದು ಟೇಪ್ ರೆಕಾರ್ಡರು. ಹಾಡು ಕೇಳುವ ಕ್ಯಾಸೆಟ್ಟಿನಲ್ಲೇ ಅದರ ವಿದ್ಯೆಯೆಲ್ಲ ಇರುತ್ತಿತ್ತು. ಕ್ಯಾಸೆಟ್ ತಿರುಗಿಸಿದರೆ ಹಾಡಿನ ಬದಲು ಕಬ್ಬಿಣ ಅರೆದಂಥ ಕಿರಿಚಾಟ ಐದು ನಿಮಿಷ, ಆಮೇಲೆ ಪರದೆಯ ಮೇಲೆ ಆಟ ಮೂಡುವುದು. ಈಗಿನವರು ಬೆರಳು ತಾಗಿಸಿದರೆ ಸಾಕು ನೂರು ಆಟ ಎದ್ದು ಕುಣಿಯುತ್ತವೆ. ಅಂದು ಒಂದು ಆಟಕ್ಕೆ ಅಷ್ಟು ಹೊತ್ತು ಕಿವಿ ಮುಚ್ಚಿಕೊಂಡು ಕಾಯಬೇಕಿತ್ತು; ಕಾದದ್ದರಿಂದಲೇ ಏನೋ, ಬಂದದ್ದನ್ನು ಯಾರೂ ಹಗುರವಾಗಿ ಕಾಣುತ್ತಿರಲಿಲ್ಲ.

ಕ್ಯಾಸೆಟ್ ಕೊಳ್ಳದೆಯೂ ಆಟ ಪಡೆಯುವ ಇನ್ನೊಂದು ದಾರಿಯಿತ್ತು. ಆ ಯಂತ್ರದವರಿಗಾಗಿಯೇ ಹೊರಡುತ್ತಿದ್ದ ಒಂದು ಪತ್ರಿಕೆಯಲ್ಲಿ ಇಡೀ ಆಟವನ್ನು ಸಾಲುಸಾಲಾಗಿ ಅಚ್ಚು ಹಾಕುತ್ತಿದ್ದರು. ನೋಡಿಕೊಂಡು ಒಂದೊಂದು ಅಂಕಿಯನ್ನೂ ಯಂತ್ರಕ್ಕೆ ಹೊಡೆದು ತುಂಬಿದರೆ ಆಟ ಸಿದ್ಧ. ಒಂದು ಅಂಕಿ ತಪ್ಪಿದರೂ ಎಲ್ಲೋ ಒಂದು ಕಡೆ ಕುಂಟುವುದು. ಭಾವನ ಕೈಗೆ ಬಂದ ಸಂಚಿಕೆಯಲ್ಲಿ ಇಪ್ಪತ್ತನಾಲ್ಕು ಕೋಣೆಗಳ ಆಟವೊಂದಿತ್ತು, ಎಂಟು ಪುಟ, ನಾನೂರಕ್ಕೂ ಹೆಚ್ಚು ಸಾಲು. ಅದನ್ನು ನೋಡಿದಾಗ ಅವರ ಮುಖ ಅರಳಿದ್ದು ನನಗೆ ನೆನಪಿದೆ. "ಇದನ್ನ ನನಗೋಸ್ಕರವೇ ಅಚ್ಚು ಹಾಕಿದಾರೆ ಕಣಯ್ಯ" ಎಂದರು. ಮೂರು ಮಧ್ಯಾಹ್ನ ಬೆನ್ನು ನೆಟ್ಟಗಿಟ್ಟು, ಕೀಲಿ ನೋಡದೆ, ಹತ್ತೂ ಬೆರಳುಗಳಿಂದ ಆ ಸತ್ತ ಇಲಿಯ ಮೇಲೆ ಕುಟ್ಟಿದರು. ನಾಲ್ಕನೆಯ ದಿನ ಆಟ ಪರದೆಗೆ ಬಂತು. ಕ್ಯಾಸೆಟ್ಟಿಗೆ ಇಳಿಸಿ, ಪತ್ರಿಕೆಯನ್ನು ಬಟ್ಟೆಯಲ್ಲಿ ಸುತ್ತಿ ಟ್ರಂಕಿನಲ್ಲಿಟ್ಟು, ತಪ್ಪಿಲ್ಲದೆ ಒಂದೇ ಏಟಿಗೆ ಆಯಿತೆಂದು ವಿದ್ಯಾರ್ಥಿಗಳಿಗೆಲ್ಲ ಹೇಳಿಕೊಂಡರು.

ಆಟ ಇಷ್ಟೇ: ಕಗ್ಗತ್ತಲಿನ ದೊಡ್ಡ ಕಟ್ಟಡವೊಂದರಲ್ಲಿ ಹೆಬ್ಬೆರಳ ಉಗುರಿನಷ್ಟು ಎತ್ತರದ ಮನುಷ್ಯನೊಬ್ಬ ಕೈಯಲ್ಲಿ ದೊಂದಿ ಹಿಡಿದು ನೆಗೆನೆಗೆದು ಪ್ರತಿ ಕೋಣೆಯ ದೀಪಗಳನ್ನೂ ಹಚ್ಚುತ್ತ ಹೋಗಬೇಕು. ದೊಂದಿಯ ಎಣ್ಣೆ ಮುಗಿಯುವಷ್ಟರಲ್ಲಿ ಕೋಣೆ ದಾಟದಿದ್ದರೆ ಸತ್ತ. ಸತ್ತರೆ ಮತ್ತೆ ಮೊದಲನೆಯ ಕೋಣೆಯಿಂದಲೇ. ಅರ್ಧ ದಾರಿಯಲ್ಲಿ ಗುರುತು ಹಾಕಿಟ್ಟು ನಾಳೆ ಅಲ್ಲಿಂದ ಮುಂದುವರಿಸುವ ಕರುಣೆ ಆ ಕಾಲದ ಆಟಗಳಿಗೆ ಇರಲಿಲ್ಲ. ವಿದ್ಯಾರ್ಥಿಗಳು ಏಳೆಂಟನೆಯ ಕೋಣೆಗೇ ಸುಸ್ತಾದರು. ಭಾವನಂತೂ ನಾಲ್ಕನೆಯದನ್ನು ದಾಟಲಿಲ್ಲ. ಬೆರಳಿಗೆ ಕಲಿಸಿದ ನಿಯಮವೇ ಬೇರೆ, ನೆಗೆಯುವ ನಿಯಮವೇ ಬೇರೆ.

ದಾಟಿದವಳು ನನ್ನ ಅಕ್ಕ.

ಮಧ್ಯಾಹ್ನದ ತಂಡ ಹೋಗಿ ಸಂಜೆಯ ತಂಡ ಬರುವ ನಡುವಿನ ಎರಡು ಗಂಟೆ ಅವಳದು. ಅಡುಗೆಮನೆಯ ಕೈ ಒರೆಸಿಕೊಂಡು ಮೇಲೆ ಬಂದು, ಕುರ್ಚಿಯ ಮೇಲೆ ಒಂದು ಕಾಲು ಮಡಚಿ ಕೂತು, ಎಡಕ್ಕೆ, ಬಲಕ್ಕೆ, ನೆಗೆತಕ್ಕೆ ಎಂದು ಮೂರೇ ಬೆರಳಿನಲ್ಲಿ ಆಡುವಳು. ಆ ವರ್ಷ ಅವಳು ಟೈಪಿಂಗಿನ ಸೀನಿಯರ್ ಪರೀಕ್ಷೆಗೂ ತಯಾರಾಗುತ್ತಿದ್ದಳು, ಪಾಸಾದರೆ ಹೆಣ್ಣುಮಕ್ಕಳ ತಂಡಕ್ಕೆ ಅವಳೇ ಕಲಿಸುವುದೆಂದು ಮಾತಾಗಿತ್ತು. ಭಾವ ಹಿಂದೆ ನಿಂತು "ಬೆನ್ನು ನೇರ. ಮಣಿಕಟ್ಟು ಮೇಲೆ. ಬೆರಳು ಬಾಗಿರಲಿ" ಎನ್ನುತ್ತಲೇ ಇರುವರು. "ಅಯ್ಯೋ, ನೀವು ಸ್ವಲ್ಪ ಆ ಕಡೆ ಹೋಗಿ ಅಂದ್ರೆ! ಇವನು ಸಾಯ್ತಿದಾನೆ ಇಲ್ಲಿ, ಬೆನ್ನಂತೆ ಬೆನ್ನು" ಎಂದು ಅಕ್ಕ ರೇಗುವಳು. ಹತ್ತನೆಯ ಕೋಣೆ, ಹದಿನೈದನೆಯ ಕೋಣೆ, ಇಪ್ಪತ್ತು. ನಾನು ಕೆಳಗಿನಿಂದ ಗ್ರೀಸು ಮೆತ್ತಿದ ಕೈಯಲ್ಲೇ ಓಡಿಬಂದು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಒಡಹುಟ್ಟಿದವಳು ಒಂದು ಕೆಲಸದಲ್ಲಿ ಎಲ್ಲರಿಗಿಂತ ಮೇಲಾಗುವುದನ್ನು ಕಣ್ಣಾರೆ ಕಾಣುವ ಸುಖ ಅದು.

ಇಪ್ಪತ್ತಮೂರನೆಯ ಕೋಣೆಯಲ್ಲಿ ಅವಳು ನಿಂತುಬಿಟ್ಟಳು. ಉಳಿದ ಕೋಣೆಗಳಲ್ಲೆಲ್ಲ ನೆಲದ ಮಟ್ಟದಲ್ಲಿ ಬಲಕ್ಕೊಂದು ಬಾಗಿಲಿರುತ್ತಿತ್ತು. ಇದರಲ್ಲಿ ಇರಲಿಲ್ಲ. ಒಂಬತ್ತು ದೀಪಗಳನ್ನೂ ಹಚ್ಚಿದ ಮೇಲೆ ನಾಲ್ಕೂ ಕಡೆ ಗೋಡೆ. ಚಾವಣಿಗೆ ತೀರ ಹತ್ತಿರ ಒಂದು ಅಟ್ಟಣಿಗೆ, ಅದಕ್ಕೆ ಹತ್ತುವ ಮೆಟ್ಟಿಲು. ಹತ್ತಿದರೆ ಅಲ್ಲಿ ದೀಪವೂ ಇಲ್ಲ, ದಾರಿಯೂ ಇಲ್ಲ. ಅಕ್ಕ ಅದರ ಮೇಲೆ ನಿಂತು ನೆಗೆಯುವಳು, ಆ ಪುಟ್ಟ ಮನುಷ್ಯನ ತಲೆ ಚಾವಣಿಗೆ ಬಡಿಯುವುದು, ಎಣ್ಣೆ ತೀರುವುದು. ನಾಳೆ ಮತ್ತೆ ಮೊದಲ ಕೋಣೆಯಿಂದ ಒಂದೂವರೆ ಗಂಟೆ ಆಡಿ ಅಲ್ಲಿಗೇ ಬರುವಳು, ಅಲ್ಲೇ ಸಾಯುವಳು. ಹೀಗೆ ಎಂಟು ತಿಂಗಳು.

ಒಂದು ದಿನ ಕೇಳಿಯೇಬಿಟ್ಟಳು. ನಾನಿದ್ದೆ.

"ರೀ, ಒಂದ್ಸಲ ಆ ಪುಸ್ತಕ ತೆಗೆದು ನೋಡ್ತೀರಾ? ಎಲ್ಲೋ ತಪ್ಪಾಗಿರಬೇಕು."

"ನಾನು ಟೈಪ್ ಮಾಡಿದ್ದು ಅದು."

"ನೀವೇ ಮಾಡಿದ್ದು, ಇಲ್ಲ ಅಂದೆನಾ? ಅಲ್ಲ, ಸುಮ್ಮಸುಮ್ಮನೆ ಯಾರಾದ್ರೂ ಮೆಟ್ಟಿಲು ಕಟ್ತಾರಾ ಹೇಳಿ? ಅಲ್ಲಿಂದ ಎಲ್ಲಿಗಾದ್ರೂ ಹೋಗೋಕಿರಬೇಕು."

"ತಪ್ಪು ಯಂತ್ರದಲ್ಲೂ ಇಲ್ಲ, ಕಾಮಾ, ಪುಸ್ತಕದಲ್ಲೂ ಇಲ್ಲ. ಇದ್ದರೆ ನಿನ್ನ ಬೆರಳಲ್ಲಿದೆ. ಎಲ್ಲರ ಬೆರಳೂ ಎಲ್ಲದಕ್ಕೂ ಆಗಿಬರಲ್ಲ. ಪೂರ್ಣವಿರಾಮ."

ಅವರು ಅದನ್ನು ಕೋಪದಿಂದ ಹೇಳಲಿಲ್ಲ. ವಿದ್ಯಾರ್ಥಿಯ ಹಾಳೆಯ ಮೇಲೆ ಅಂಕ ಬರೆಯುವ ಧಾಟಿಯಲ್ಲಿ ಹೇಳಿದರು. ಕೋಪ ಬಂದದ್ದು ನನಗೆ. "ಒಂದ್ಸಲ ತೆಗೆದು ನೋಡಿದ್ರೆ ನಿಮ್ಮ ಗಂಟೇನು ಹೋಗುತ್ತೆ ಭಾವ?" ಎಂದು ಕಿರುಚಿದೆ. ಅವರು ನನ್ನ ಕಡೆ ನೋಡಲೂ ಇಲ್ಲ. ಅಕ್ಕ ಯಂತ್ರದ ಗುಂಡಿ ಒತ್ತಿ ಆರಿಸಿ, ಮೇಲೊಂದು ಟವೆಲ್ಲು ಹೊದಿಸಿ ಕೆಳಗೆ ಹೋದಳು. ಮತ್ತೆ ಆಡಲಿಲ್ಲ. ಅದಾದರೆ ಹೋಗಲಿ, ಆಟ ತಾನೆ. ತಿಂಗಳೊಪ್ಪತ್ತಿನಲ್ಲಿ ಪರೀಕ್ಷೆ ಬಂದರೆ ಅದಕ್ಕೂ ಕೂರಲಿಲ್ಲ. "ನನ್ನ ಬೆರಳು ಅಷ್ಟಕ್ಕೆಲ್ಲ ಅಲ್ಲ ಬಿಡೋ" ಎಂದು ನನ್ನೆದುರು ನಕ್ಕಳು. ಹೆಣ್ಣುಮಕ್ಕಳ ತಂಡಕ್ಕೆ ಕಲಿಸಲು ಬೇರೆ ಯಾರೋ ಬಂದರು. ನಾನು ಒಂದು ವರ್ಷ ಆ ಮೆಟ್ಟಿಲು ಹತ್ತಲಿಲ್ಲ. ತಮ್ಮ ಒಂದು ಮಾತು ಎಲ್ಲಿಯವರೆಗೆ ಹೋಯಿತೆಂಬುದು ಭಾವನಿಗೆ ತಿಳಿಯಿತೋ ಇಲ್ಲವೋ, ಆ ಕಾಲದಲ್ಲಿ ನನಗೆ ಗೊತ್ತಾಗಲಿಲ್ಲ.

ಮೂವತ್ತೈದು ವರ್ಷ ಸರಿದವು. ಶಾಲೆ ಮುಚ್ಚಿತು. ನಾನು ಕೂಗಾಡುತ್ತಿದ್ದ ಆ ಕುಟ್ಟುವ ಸದ್ದು ನಿಂತ ಮೇಲೆ ಎಷ್ಟೋ ದಿನ ನನಗೆ ಕೈ ಕೆಲಸದ ಮೇಲೆ ನಿಲ್ಲಲಿಲ್ಲ ಎಂದರೆ ಯಾರೂ ನಂಬಲಾರರು. ಭಾವನಿಗೆ ಎಪ್ಪತ್ತಮೂರಾಯಿತು, ಕೈಗೆ ಸಣ್ಣ ನಡುಕ ಬಂತು. ಅಕ್ಕನ ಬೆರಳ ಗಿಣ್ಣುಗಳು ಬಾತುಕೊಂಡವು. ವೈದ್ಯೆ ರಬ್ಬರ್ ಚೆಂಡು ಕೊಟ್ಟು ದಿನಾ ಹಿಸುಕುತ್ತಿರಿ, ಬೆರಳು ಆಡುತ್ತಿರಲಿ ಎಂದಳು. ನಾಲ್ಕು ದಿನ ಹಿಸುಕಿ ಐದನೆಯ ದಿನ ಅಕ್ಕ ಅದನ್ನು ಮೂಲೆಗೆಸೆದಳು.

"ಇದನ್ನ ಹಿಸುಕಿ ಹಿಸುಕಿ ನಿಂಬೆ ಶರಬತ್ತು ಮಾರೋಳ ಥರ ಆಗಿದೀನಿ. ರೀ, ಆ ಡಬ್ಬಿ ಎಲ್ಲಿಟ್ಟಿದೀರಿ? ದೀಪ ಹಚ್ಚೋನದ್ದು. ಬೆರಳು ಆಡಬೇಕು ತಾನೆ, ಅದನ್ನೇ ಆಡ್ತೀನಿ."

ಭಾವ ಪೇಪರಿನಿಂದ ತಲೆಯೆತ್ತಲಿಲ್ಲ. ಆದರೆ ಮಧ್ಯಾಹ್ನವೇ ಅಟ್ಟ ಹತ್ತಿ ಯಂತ್ರ ಇಳಿಸಿ, ನನ್ನ ಮಳಿಗೆಗೆ ತಂದರು. ಒಳಗೆ ಎರಡು ಕೆಪಾಸಿಟರು ಉಬ್ಬಿ ಒಡೆದಿದ್ದವು, ಬದಲಾಯಿಸಿದೆ. ಗುಜರಿಯವನ ಬಳಿ ಹಳೆಯ ಟೀವಿ ಹುಡುಕಿ ತಂದೆ. ಯಂತ್ರ ಎದ್ದಿತು; ಅಕ್ಕನ ಮನೆಗೇ ಒಯ್ದಿಟ್ಟೆ. ಕ್ಯಾಸೆಟ್ ಮಾತ್ರ ಬೂಷ್ಟು ಹಿಡಿದು, ತಿರುಗಿಸಿದೊಡನೆ ಒಣಗಿದ ಎಲೆಯ ಹಾಗೆ ತುಂಡಾಯಿತು. ಆಟ ಬೇಕೆಂದರೆ ಪತ್ರಿಕೆಯನ್ನು ನೋಡಿಕೊಂಡು ಇನ್ನೊಮ್ಮೆ ಮೊದಲಿನಿಂದ ಟೈಪ್ ಮಾಡಬೇಕು.

"ನೀವು ಹೇಳಿ, ನಾನು ಹೊಡೀತೀನಿ. ನಿಮ್ಮ ಕೈ ನಡುಗುತ್ತೆ" ಎಂದೆ.

"ನೀನು ಒಂದು ಬೆರಳಲ್ಲಿ ಹೊಡೆಯೋನು. ಸುಮ್ಮನೆ ಪಕ್ಕದಲ್ಲಿ ಕೂತು ಸಾಲಿನ ಕೆಳಗೆ ಸ್ಕೇಲು ಹಿಡಿ."

ಹಿಡಿದೆ. ಭಾವ ಭೂತಗನ್ನಡಿ ಹಿಡಿದು ಸಾಲು ಓದುವರು, ಕೆಳಗಿಟ್ಟು ಟೈಪ್ ಮಾಡುವರು. ಹಿಂದೆ ಮೂರು ಮಧ್ಯಾಹ್ನದಲ್ಲಿ ಆದದ್ದು ಈ ಸಲ ಹದಿನಾರು ದಿನ ಹಿಡಿಯಿತು. ಆ ನಿಧಾನದಿಂದಲೇ ಆ ಪುಟಗಳ ಗುಟ್ಟು ನನ್ನಂಥವನಿಗೂ ತಿಳಿಯತೊಡಗಿತು. ಅಂಕಿಗಳಲ್ಲೇ ಕೋಣೆಯ ಚಿತ್ರ ಬರೆದಿದ್ದರು: ಒಂದು ಎಂದರೆ ಗೋಡೆಯ ಇಟ್ಟಿಗೆ, ಸೊನ್ನೆ ಎಂದರೆ ಖಾಲಿ ಜಾಗ. ಪ್ರತಿ ಕೋಣೆಗೂ ಹದಿನಾರು ಸಾಲು. ಮೊದಲ ಸಾಲು ಚಾವಣಿ, ಕಡೆಯದು ನೆಲ. ಎಲ್ಲ ಕೋಣೆಗಳ ಮೊದಲ ಸಾಲೂ ಒಂದೇ ಬಗೆ, ಉದ್ದಕ್ಕೂ ಒಂದು, ಒಂದು, ಒಂದು.

ಹದಿನೈದನೆಯ ದಿನ ಇಪ್ಪತ್ತಮೂರನೆಯ ಕೋಣೆಗೆ ಬಂದೆವು. ಸ್ಕೇಲು ಇಟ್ಟೆ. ಆ ಮೊದಲ ಸಾಲಿನ ನಡುವೆ ಕೆಂಪು ಪೆನ್ಸಿಲಿನ ಗೆರೆ. ಅಂಚಿನಲ್ಲಿ, ಮಾಸಿದರೂ ದುಂಡಗೆ, ಭಾವನ ಕೈಯ ಒಂದು ಎಂಬ ಅಂಕಿ.

"ಇದೇನು ಭಾವ, ಕೆಂಪಗೆ?"

"ತಿದ್ದಿದ್ದು. ಅಚ್ಚಿನ ತಪ್ಪು ಅದು. ಎಲ್ಲ ಕೋಣೆಗೂ ಪೂರ್ತಿ ಒಂದುಗಳಿದ್ದರೆ ಇಲ್ಲಿ ಮಾತ್ರ ನಡುವೆ ಒಂದು ಸೊನ್ನೆ..."

ಅವರ ಮಾತು ಅಲ್ಲಿಗೇ ನಿಂತಿತು. ಯಾವ ಚಿಹ್ನೆಯನ್ನೂ ಹೇಳಲಿಲ್ಲ. ನಾನು ಸ್ಕೇಲಿನ ಮೇಲಿದ್ದ ಕೈ ತೆಗೆಯಲಿಲ್ಲ.

"ಚಾವಣಿ ಸಾಲಲ್ವಾ ಇದು?" ಎಂದೆ. "ಆ ಅಟ್ಟಣಿಗೆ ಇರೋದು ಇದರ ಕೆಳಗೇ ಅಲ್ವಾ?"

ಭಾವ ಕನ್ನಡಕ ತೆಗೆದು ಕೋಟಿನ ಅಂಚಿನಿಂದ ಒರೆಸಿದರು, ಹಾಕಿಕೊಳ್ಳಲಿಲ್ಲ. ಕನ್ನಡಕವಿಲ್ಲದ ಕಣ್ಣುಗಳಿಂದಲೇ ಆ ಪುಟವನ್ನು ಬಹಳ ಹೊತ್ತು ನೋಡಿದರು. ಆ ಆಟ ಕಟ್ಟಿದ ಯಾರೋ ದೂರದ ಊರಿನವನು, ಹೆಸರೂ ಗೊತ್ತಿಲ್ಲದವನು, ಒಂದೇ ಒಂದು ಕೋಣೆಯ ದಾರಿಯನ್ನು ನೆಲದಲ್ಲಿಡದೆ ಆಕಾಶದ ಕಡೆ ಇಟ್ಟಿದ್ದ. ಸಾಲು ಸೊಟ್ಟಗೆ ಕಂಡಿತೆಂದು ನಮ್ಮ ಮಾಸ್ತರರು ಅದಕ್ಕೆ ಇಟ್ಟಿಗೆ ಇಟ್ಟಿದ್ದರು.

"ಅವಳಿಗೆ ಹೇಳಬೇಡ" ಎಂದರು ಕಡೆಗೆ. "ಸೊನ್ನೆ ಹೊಡೆದುಬಿಡ್ತೀನಿ. ಆಡ್ತಾಳೆ, ಗೆಲ್ತಾಳೆ. ಅಷ್ಟು ಸಾಕಲ್ಲ."

ಅಕ್ಕ ಪಕ್ಕದ ಕೋಣೆಯಲ್ಲೇ ಬಟ್ಟೆ ಮಡಚುತ್ತಿದ್ದಳು. ಆದ್ದರಿಂದ ನನ್ನ ಬದುಕಿನಲ್ಲೇ ಮೊದಲ ಸಲ ನಾನು ಪಿಸುದನಿಯಲ್ಲಿ ಜಗಳವಾಡಿದೆ. "ಸಾಕಾ? ಅವಳು ಪರೀಕ್ಷೆಗೆ ಕೂರದೇ ಹೋದದ್ದು ಈ ಒಂದಕ್ಕೆ. ಅವಳ ಬೆರಳು ಸರಿಯಿತ್ತು ಅಂತ ಹೇಳೋರು ಯಾರು? ನಾನಾ? ಈ ಟೀವಿಯಾ? ನಿಮ್ಮ ಬಾಯಿಂದ ಹೋದ ಮಾತು, ನಿಮ್ಮ ಬಾಯಿಂದಲೇ ವಾಪಸ್ ಬರಬೇಕು."

"ನನಗೆ ಆಗಲ್ಲ ಕಣೋ" ಎಂದರು. ಅವರು ಆ ಮಾತನ್ನು ಯಾರಿಗೂ, ಯಾವುದರ ಬಗ್ಗೆಯೂ ಹೇಳಿದ್ದನ್ನು ನಾನು ಕೇಳಿರಲಿಲ್ಲ. ಆಮೇಲೆ ನಡುಗುವ ಬೆರಳಿನಿಂದ ಸೊನ್ನೆಯ ಕೀಲಿ ಒತ್ತಿದರು. ನಾನು ಸ್ಕೇಲನ್ನು ಅಲ್ಲೇ ಒಗೆದು ಎದ್ದುಬಂದೆ. ಮಾರನೆಯ ದಿನ, ಉಳಿದ ಕೋಣೆ ಮುಗಿಯಬೇಕಲ್ಲ ಎಂದು, ಮತ್ತೆ ಹೋಗಿ ಹಿಡಿದೆ.

ಅಕ್ಕ ಆಡತೊಡಗಿದಳು. ಮೊದಲ ವಾರ ಮೂರನೆಯ ಕೋಣೆಯಲ್ಲೇ ಸತ್ತಳು, ಬೆರಳು ಮಾತು ಕೇಳುತ್ತಿರಲಿಲ್ಲ. "ಇವನಿಗೂ ನನ್ನಷ್ಟೇ ವಯಸ್ಸಾಗಿದೆ ನೋಡೋ, ನೆಗೆಯೋಕೆ ಯೋಚನೆ ಮಾಡ್ತಾನೆ" ಎಂದು ನಗುವಳು. ಆಮೇಲೆ ಹಳೆಯ ದಾರಿ ಬೆರಳಿಗೆ ಒಂದೊಂದಾಗಿ ನೆನಪಾಗತೊಡಗಿತು. ಯಾವ ದೀಪ ಮೊದಲು, ಯಾವ ಮೆಟ್ಟಿಲಿನ ಮೇಲೆ ಎಷ್ಟು ಹೊತ್ತು ನಿಲ್ಲಬೇಕು, ಎಲ್ಲವೂ. ನಾನು ದಿನಾ ಮಧ್ಯಾಹ್ನ ಹೋಗಿ ಕೂರುತ್ತಿದ್ದೆ. ಭಾವ ಬೆನ್ನಿನ ಬಗ್ಗೆ, ಮಣಿಕಟ್ಟಿನ ಬಗ್ಗೆ ಚಕಾರ ಎತ್ತಲಿಲ್ಲ. ಕಿಟಕಿಯ ಬಳಿ ಹೊರಗೆ ನೋಡುತ್ತ ನಿಲ್ಲುವರು. ಕೋಣೆ ದಾಟಿದಾಗ ಬರುವ ಸಣ್ಣ ಸದ್ದನ್ನು ಅವರು ತುಟಿಯಲ್ಲೇ ಎಣಿಸುವುದು ನನಗೆ ಕಾಣುತ್ತಿತ್ತು.

ಒಂದು ಮಧ್ಯಾಹ್ನ ಆ ಎಣಿಕೆ ಇಪ್ಪತ್ತೆರಡಾಯಿತು. ಅಕ್ಕ ಒಳಗೆ ಹೋದಳು. ಒಂಬತ್ತು ದೀಪ ಹಚ್ಚಿದಳು. ಮೆಟ್ಟಿಲು ಹತ್ತಿ ಅಟ್ಟಣಿಗೆಯ ಮೇಲೆ ನಿಂತಳು. ಅವಳ ತಲೆಯ ಮೇಲೆ, ಚಾವಣಿಯಲ್ಲಿ, ಒಂದಿಟ್ಟಿಗೆಯಷ್ಟು ಕಪ್ಪು ಬಾಯಿ ತೆರೆದಿತ್ತು. ಒಂದು ನೆಗೆತ ಸಾಕಿತ್ತು. ಅವಳು ನೆಗೆಯಲಿಲ್ಲ. ಬೆರಳುಗಳನ್ನು ಕೀಲಿಯಿಂದ ಎತ್ತಿ ಮಡಿಲಲ್ಲಿಟ್ಟುಕೊಂಡಳು.

"ರೀ. ಇದು ಇರಲಿಲ್ಲ ಇಲ್ಲಿ."

ಭಾವ ಕಿಟಕಿಯಿಂದ ತಿರುಗಲಿಲ್ಲ.

"ಎಂಟು ತಿಂಗಳು ತಲೆ ಬಡಿದಿದೀನಿ ಈ ಚಾವಣಿಗೆ. ಒಂದೊಂದು ಇಟ್ಟಿಗೇನೂ ಗೊತ್ತು ನನಗೆ. ತೂತಿರಲಿಲ್ಲ. ಯಾರು ತೆಗೆದದ್ದು?"

"ತೆಗೆದದ್ದಲ್ಲ" ಎಂದರು ಭಾವ. "ಅದು ಮೊದಲಿಂದ ಇತ್ತು. ಮುಚ್ಚಿದ್ದು ನಾನು. ಅಚ್ಚಿನ ತಪ್ಪು ಅಂದ್ಕೊಂಡು ತಿದ್ದಿದೆ."

ಪರದೆಯ ಮೂಲೆಯಲ್ಲಿ ಎಣ್ಣೆಯ ಗೆರೆ ಇಳಿಯುತ್ತಿತ್ತು. ಅಕ್ಕ ಅದರ ಕಡೆ ನೋಡಲೇ ಇಲ್ಲ.

"ನಾನು ಕೇಳಿದ್ದೆ ನಿಮ್ಮನ್ನ. ಒಂದ್ಸಲ ಪುಸ್ತಕ ನೋಡಿ ಅಂತ."

"ಕೇಳಿದ್ದೆ ನೀನು."

"ಯಾಕೆ ನೋಡಲಿಲ್ಲ?"

ಭಾವ ಆಗ ತಿರುಗಿದರು. ಎಪ್ಪತ್ತಮೂರು ವರ್ಷದ ಆ ಮುಖ ಪಾಠ ಬಾರದೆ ನಿಂತವನ ಮುಖದ ಹಾಗಿತ್ತು. "ನೋಡಿದ್ರೆ ಸಿಕ್ಕೀತು ಅಂತ ಹೆದರಿಕೆ ಆಯ್ತು" ಎಂದರು. "ನೀನು ಆ ಮೆಟ್ಟಿಲಿನ ಮಾತು ಹೇಳಿದೆಯಲ್ಲ, ಆಗಲೇ ಒಳಗೆ ಚುಚ್ಚಿತು. ಟ್ರಂಕಿನ ತನಕ ಹೋಗಿದ್ದೆ. ತೆಗೀಲಿಲ್ಲ. ನಿನ್ನ ಬೆರಳಲ್ಲಿ ಏನೂ ತಪ್ಪಿರಲಿಲ್ಲ. ನನ್ನ ಕೈಕೆಳಗೆ ಕಲಿತವರಲ್ಲಿ ಅಷ್ಟು ಒಳ್ಳೆ ಬೆರಳು ಇನ್ನೊಂದಿರಲಿಲ್ಲ. ಆಗಲೂ ಗೊತ್ತಿತ್ತು ನನಗೆ."

ಎಣ್ಣೆ ತೀರಿತು. ಪುಟ್ಟ ಮನುಷ್ಯ ತೆರೆದ ಬಾಯಿಯ ಕೆಳಗೇ ಉರುಳಿ ಬಿದ್ದ. ಪರದೆ ಕಪ್ಪಾಗಿ ಮತ್ತೆ ಮೊದಲನೆಯ ಕೋಣೆ ಬಂತು. ಅಕ್ಕ ಅಳಲಿಲ್ಲ. ಬಾತ ಬೆರಳುಗಳನ್ನು ಬಿಡಿಸಿ, ಅವು ಯಾರದೋ ಎಂಬಂತೆ ಹಿಂದೆಮುಂದೆ ತಿರುಗಿಸಿ ನೋಡಿಕೊಂಡಳು.

"ಆಗಲೇ ಹೇಳಿದ್ರೆ," ಎಂದು ಶುರುಮಾಡಿದವಳು ಅದನ್ನು ಮುಗಿಸಲಿಲ್ಲ. ಕೈಗಳನ್ನು ಮತ್ತೆ ಕೀಲಿಗಳ ಮೇಲಿಟ್ಟು, "ಇವತ್ತಿನ ಅಡುಗೆ ನಿಮ್ಮದು. ನಾನು ಮೊದಲಿಂದ ಆಡಬೇಕು" ಎಂದಳು.

ಭಾವ ಅಡುಗೆಮನೆಗೆ ಹೋದರು. ಪಾತ್ರೆ ಬಿದ್ದ ಸದ್ದಾಯಿತು, ಅಕ್ಕ ತಿರುಗಿ ನೋಡಲಿಲ್ಲ. ಬೆಳಕು ಇಳಿಯುವ ಹೊತ್ತಿಗೆ ಅವಳು ಮತ್ತೆ ಆ ಅಟ್ಟಣಿಗೆಗೆ ಬಂದು, ಈ ಸಲ ನಿಲ್ಲದೆ ನೆಗೆದಳು. ಮೇಲಿನ ಕೋಣೆಯಲ್ಲಿ ವಿಶೇಷವೇನೂ ಇರಲಿಲ್ಲ. ಒಂದೇ ದೀಪ, ಅದನ್ನು ಹಚ್ಚಿದರೆ ಮುಗಿಯಿತು. ಭಾವ ಕೈ ಒರೆಸಿಕೊಳ್ಳುತ್ತ ಬಾಗಿಲಲ್ಲಿ ನಿಂತು, ಒಳಗೆ ಬರಲೋ ಬೇಡವೋ ಎಂದು ಕಾದರು. ಅಕ್ಕ ಪಕ್ಕದ ಕುರ್ಚಿಯ ಮೇಲಿದ್ದ ಬಟ್ಟೆಯ ಗಂಟನ್ನು ನೆಲಕ್ಕಿಳಿಸಿದಳು. ಅವರು ಬಂದು ಕೂತರು.

ಇಂಥವರು ಪ್ರತಿ ಕಚೇರಿಯಲ್ಲೂ, ಪ್ರತಿ ಮನೆಯಲ್ಲೂ ಒಬ್ಬೊಬ್ಬರು ಇರುತ್ತಾರೆ, ಲೋಕದ ಅಂಕುಡೊಂಕನ್ನು ನೆಟ್ಟಗೆ ಮಾಡದೆ ಅನ್ನ ಇಳಿಯದವರು. ಅವರಿಲ್ಲದಿದ್ದರೆ ನಮ್ಮ ಬರಹ, ಬೀದಿ, ಬದುಕು ಯಾವುದೂ ಒಂದು ಸಾಲಿಗೆ ಬರುತ್ತಿರಲಿಲ್ಲ, ಒಪ್ಪುತ್ತೇನೆ. ನನ್ನಂಥ ಮುಂಗೋಪಿ ಏನನ್ನಾದರೂ ಒಡೆದರೆ ಚೂರುಗಳು ನೆಲದ ಮೇಲೆ ಬಿದ್ದಿರುತ್ತವೆ, ಯಾರು ಒಡೆದದ್ದೆಂದು ಎಲ್ಲರಿಗೂ ಕಾಣುತ್ತದೆ, ಬೈಸಿಕೊಂಡು ಗುಡಿಸಿದರೆ ಆಯಿತು. ತಿದ್ದುವವರು ಮಾಡಿದ ತಪ್ಪು ಹಾಗಲ್ಲ. ಅದು ನುಣುಪಾದ ಗೋಡೆಯಾಗಿ ನಿಲ್ಲುತ್ತದೆ. ಅದಕ್ಕೆ ತಲೆ ಬಡಿದುಕೊಂಡವರು ಗೋಡೆಯನ್ನು ಅನುಮಾನಿಸುವುದಿಲ್ಲ, ತಮ್ಮ ತಲೆಯನ್ನೇ ಅನುಮಾನಿಸುತ್ತಾರೆ. ಹೀಗೆ ಎಷ್ಟು ಜನ ತಮ್ಮದಲ್ಲದ ತಪ್ಪನ್ನು ತಮ್ಮ ಬೆರಳಲ್ಲೇ ಇದೆಯೆಂದು ನಂಬಿ ಮುದುಕರಾದರೋ ಲೆಕ್ಕವಿಟ್ಟವರಿಲ್ಲ. ಗೋಡೆ ಕಟ್ಟಿದವರಲ್ಲಿ ಹೆಚ್ಚಿನವರು ಟ್ರಂಕಿನ ತನಕ ಹೋಗಿ ಮುಚ್ಚಳ ತೆಗೆಯದೆ ಮರಳಿ, ಹಾಗೆಯೇ ಸಾಯುತ್ತಾರೆ. ನಡುಗುವ ಕೈಯಿಂದಾದರೂ, ತೀರ ತಡವಾಗಿಯಾದರೂ, ತಾನೇ ಇಟ್ಟ ಇಟ್ಟಿಗೆಯನ್ನು ತೆಗೆದು, ಅದು ತನ್ನದೆಂದು ಬಾಯಿಬಿಟ್ಟು ಹೇಳಿದವರನ್ನು ನಾನು ಕಂಡದ್ದು ಒಬ್ಬರನ್ನೇ. ಆ ಒಂದು ಮಾತು ಹೇಳಲು ಅವರಿಗೆ ಮೂವತ್ತೈದು ವರ್ಷ ಬೇಕಾಯಿತು ಎಂಬ ಸಿಟ್ಟು ನನಗೆ ಇನ್ನೂ ಹೋಗಿಲ್ಲ; ಹೇಳಿದರು ಎಂಬುದಕ್ಕೆ ಅವರನ್ನು ಎದ್ದು ನಿಂತು ಮಾತಾಡಿಸುತ್ತೇನೆ.